ಬಜೆಯಿಲ್ಲದ ಬಾಣಂತನ

ಇಡೀ ಮಲೇಶಿಯಾದಲ್ಲಿ ಬಾಣಂತನ ಮಾಡಿದ ಫಾರ್ಮಕಾಲಜಿ ಪ್ರೊಫೆಸರ್ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ. ಇನ್ನೊಬ್ಬರು ಇದ್ದರೆ ದಯವಿಟ್ಟು ತಿಳಿಸಿ, ಹೋಲಿಸಿ ನೋಡಲು ನಮಗೊಬ್ಬರು ಬೇಕಾಗಿದ್ದಾರೆ. ಒಂದೇ ಉದಾಹರಣೆ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಬಾರದು ಎನ್ನುವುದು ಮಾವನ ವೇದವಾಕ್ಯ. ಅವರ ಬಾಣಂತನ ಹೇಗಿತ್ತು ಎಂದು ನೀವು ನನ್ನನ್ನೇ ಕೇಳಿದಿರಿ ಎನ್ನಿ, “ಬಾಣಂತಿಯ ಅಭಿಪ್ರಾಯ ಪುರಾವೆ ಆಗುವುದಿಲ್ಲ” ಎಂದು ಅವರೇ ನಡುವೆ ಬಾಯಿ ಹಾಕುತ್ತಾರೆ!

ಮಾವ ನನ್ನ ಅಮ್ಮನ ಒಬ್ಬನೇ ತಮ್ಮ. ಊರು ಉಡುಪಿಯ ಕಡೆ. ಈಗ ಪೆಟಾಲಿಂಗ್ ಜಯಾದಲ್ಲಿ ಮನೆ, ಅಲ್ಲೇ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಪಾಠ. ಯಾವ ಮದ್ದು ಮೈಯೊಳಗೆ ಹೋಗಿ ಏನು ಕೆಲಸ ಮಾಡುತ್ತದೆ, ಏನು ಕಿತಾಪತಿ ಮಾಡುತ್ತದೆ ಎಂದು ಹುಡುಗರಿಗೆ ಕಲಿಸುವುದು ಅವರ ಕೆಲಸ. ಕಷ್ಟ ಏನೆಂದರೆ, ಕಾಲೇಜಿನ ಕೆಲಸವನ್ನು ಕಾಲೇಜಿನಲ್ಲೇ ಬಿಟ್ಟು ಬರುವ ಅಭ್ಯಾಸ ಅವರಿಗಿಲ್ಲ. ಇವತ್ತು ಮಳೆ ಬರುತ್ತದೆ ಎಂದರೂ “ಪುರಾವೆ ಏನು?” ಎಂದು ಕೇಳುತ್ತಾರೆ. ಮಲೇಶಿಯಾದಲ್ಲಿ ಮಧ್ಯಾಹ್ನವಾದ ಮೇಲೆ ಮಳೆ ಬರುವುದಕ್ಕೂ ಪುರಾವೆ ಬೇಕೇ? ಕೊಡೆ ಇಲ್ಲದೆ ನೆನೆದು ಬಂದ ಮೇಲೂ ಅವರು ಸೋಲು ಒಪ್ಪಿದವರಲ್ಲ.

ಅವರಿಗೆ ಮದುವೆಯಾಗಿಲ್ಲ. ಆಗುವುದರಲ್ಲಿತ್ತು. ಜೋಯಿಸರು ಹುಡುಗಿಯ ಮನೆಯಲ್ಲೇ ಜಾತಕ ಬಿಡಿಸಿ, ಚೆನ್ನಾಗಿ ಕೂಡಿಬರುತ್ತದೆ ಎಂದರಂತೆ. ಮಾವ ವಿನಯದಿಂದಲೇ ಕೇಳಿದರಂತೆ: “ಜಾತಕ ಕೂಡಿಬಂದು ಮದುವೆಯಾದವರು ಎಷ್ಟು ಜನ ಸುಖವಾಗಿದ್ದಾರೆ, ಕೂಡಿಬಾರದೆ ಆದವರು ಎಷ್ಟು ಜನ ಸುಖವಾಗಿದ್ದಾರೆ, ಎರಡೂ ಲೆಕ್ಕ ನಿಮ್ಮ ಹತ್ತಿರ ಉಂಟಾ?” ಜೋಯಿಸರು ಪಂಚಾಂಗ ಮಡಚಿದರು, ಹುಡುಗಿಯ ಅಪ್ಪ ಎದ್ದರು, ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಆ ಉಪ್ಪಿಟ್ಟು ಚೆನ್ನಾಗಿತ್ತು ಎಂದು ಮಾವ ಇವತ್ತಿಗೂ ಹೇಳುತ್ತಾರೆ.

ನಮ್ಮ ಮನೆ ಸುಬಾಂಗ್ ಜಯಾದಲ್ಲಿ. ನನ್ನ ಗಂಡ ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಅವರಿಗೆ ನಮ್ಮ ಬೀದಿಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯ ಚಹಾದ ಮೇಲೆ ಪ್ರಾಣ. “ಮಾವ, ಇದರ ಟೇಸ್ಟೇ ಬೇರೆ, ಕಣ್ಣು ಮುಚ್ಚಿ ಹೇಳ್ತೀನಿ” ಎಂದು ಒಂದು ಭಾನುವಾರ ಬಾಯಿ ತಪ್ಪಿ ಅಂದುಬಿಟ್ಟರು. ಮಾವನ ಮುಂದೆ ಹಾಗೆಲ್ಲ ಹೇಳಬಾರದು! ಮುಂದಿನ ವಾರ ಮಾವ ಮೂರು ಮಾಮಕ್ ಅಂಗಡಿಗಳಿಂದ ಚಹಾ ತಪಾವ್ ಮಾಡಿಸಿಕೊಂಡು, ಅಂದರೆ ಕಟ್ಟಿಸಿಕೊಂಡು, ಬಂದರು. ಒಂದೇ ಥರದ ಲೋಟಗಳಿಗೆ ಸುರಿದರು. ಜತೆಗೆ ಅಡುಗೆಮನೆಯಲ್ಲಿ ನಾನು ಟೀ ಬ್ಯಾಗ್ ಮುಳುಗಿಸಿ ಮಾಡಿದ ಒಂದು ಲೋಟವನ್ನೂ ಇಟ್ಟರು. ನಮ್ಮವರ ಕಣ್ಣಿಗೆ ನನ್ನ ದುಪಟ್ಟಾ ಕಟ್ಟಿದರು. ನಮ್ಮವರು ಎಲ್ಲವನ್ನೂ ಗುಟುಕರಿಸಿ, ಒಂದನ್ನು ಎತ್ತಿ ಹಿಡಿದು, “ಇದೇ, ಇದೇ ನಮ್ಮ ಮಾಮಕ್‌ದು” ಎಂದರು. ಅದು ನನ್ನ ಟೀ ಬ್ಯಾಗ್! ಹೆಂಡತಿಯ ಚಹಾ ಹೊಗಳಿದ ಹಾಗಾಯಿತಲ್ಲ ಎಂದು ನಾನು ಖುಷಿಪಟ್ಟೆ. ನಮ್ಮವರು ಮಾತ್ರ ಆ ವಿಷಯ ಎತ್ತಿದರೆ ಎದ್ದು ಬಾಲ್ಕನಿಗೆ ಹೋಗುತ್ತಾರೆ.

ಇಂಥ ಮಾವ ನನ್ನ ಬಾಣಂತನಕ್ಕೆ ಬಂದದ್ದು ಹೇಗೆ? ಕೊರೋನಾದ ಕೃಪೆ. ಚೊಚ್ಚಲ ಬಾಣಂತನ ತವರಿನದು. ಅಮ್ಮ ಉಡುಪಿಯಿಂದ ಬರುವುದೆಂದು ಟಿಕೆಟ್ ಆಗಿತ್ತು, ಲೇಹ್ಯ ಆಗಿತ್ತು, ಹಳೆಯ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿ ಮಡಚಿಟ್ಟದ್ದೂ ಆಗಿತ್ತು. ಅಷ್ಟರಲ್ಲಿ ಅಲ್ಲಿ ಲಾಕ್‌ಡೌನ್, ಇಲ್ಲಿ ಸಂಚಾರ ನಿರ್ಬಂಧ, ವಿಮಾನಗಳೆಲ್ಲ ಬಂದ್. ಅಮ್ಮ ಫೋನಿನಲ್ಲಿ ಅತ್ತಳು. ನಾನೂ ಅತ್ತೆ. ಕೊನೆಗೆ ಅಮ್ಮ ಮೂಗು ಒರೆಸಿಕೊಂಡು, “ತಮ್ಮನಿಗೆ ಹೇಳ್ತೇನೆ, ಅವನೇ ಮಾಡಲಿ” ಎಂದಳು. ಅಕ್ಕ ಹೇಳಿದ್ದಕ್ಕೆ ಮಾವ ಪುರಾವೆ ಕೇಳದೆ ಒಪ್ಪಿದ್ದು ಅದೊಂದೇ ಸಲ.

ಪೆಟಾಲಿಂಗ್ ಜಯಾದಿಂದ ಸುಬಾಂಗ್ ಜಯಾ ಎಷ್ಟು ಮಹಾ ದೂರ? ಆದರೆ ದಾರಿಯಲ್ಲಿ ಪೊಲೀಸರು ತಡೆ ಹಾಕಿದ್ದರು. ಹುಡುಗ ಪ್ರಾಯದ ಪೊಲೀಸ್ ಕಾರಿನೊಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಮೆಂತೆ, ಬೆಳ್ಳುಳ್ಳಿ, ಎಳ್ಳೆಣ್ಣೆ, ಅಡುಗೆಯ ತಕ್ಕಡಿ, ಮೂರು ಥರ್ಮಾಮೀಟರ್.

“ಅಂಕಲ್, ವೇರ್ ಯು ಗೋ?”

“ಟು ಡು ಕನ್ಫೈನ್ಮೆಂಟ್,” ಎಂದರು ಮಾವ.

ಇಲ್ಲಿ ಬಾಣಂತನಕ್ಕೆ ಕನ್ಫೈನ್ಮೆಂಟ್ ಎನ್ನುತ್ತಾರೆ. ಅದನ್ನು ಸಂಬಳಕ್ಕೆ ಮಾಡಿಕೊಡುವ ಹೆಂಗಸಿಗೆ ಕನ್ಫೈನ್ಮೆಂಟ್ ಲೇಡಿ ಎಂದು ಹೆಸರು. ಪೊಲೀಸ್ ಮಾವನ ನರೆತ ಮೀಸೆಯನ್ನೇ ನೋಡಿದ. “ಅಂಕಲ್, ಯು ಕನ್ಫೈನ್ಮೆಂಟ್ ಲೇಡಿ ಆ?”

“ಯೆಸ್. ಫಸ್ಟ್ ಟೈಮ್.”

“ಓಕೆ ಲಾ, ಗೋ, ಗೋ,” ಎಂದು ಅವನು ನಗು ತಡೆಯಲಾರದೆ ಕೈ ಬೀಸಿದನಂತೆ.

ಬಂದವರು ಮೊದಲು ಅತಿಥಿಗಳ ಕೋಣೆಯಲ್ಲಿ ಒಬ್ಬರೇ ಇದ್ದು, ಆಮೇಲೆ ಮಾಸ್ಕ್ ಹಾಕಿಕೊಂಡೇ ಮಗುವನ್ನು ಎತ್ತಿಕೊಳ್ಳತೊಡಗಿದರು. ನನ್ನ ಮಗಳು ಮಾವನೆಂದರೆ ಎರಡು ಕಣ್ಣು ಮತ್ತು ಒಂದು ನೀಲಿ ಬಟ್ಟೆ ಎಂದೇ ತಿಳಿದಿದ್ದಳೋ ಏನೋ, ಮಾಸ್ಕ್ ತೆಗೆದ ದಿನ ಆ ಮೀಸೆ ನೋಡಿ ಮನೆ ಹಾರಿಹೋಗುವಂತೆ ಅತ್ತಳು. ಮಾವ ಬೇಜಾರು ಮಾಡಿಕೊಳ್ಳದೆ ಮಾಸ್ಕನ್ನು ಮತ್ತೆ ಹಾಕಿದರು, ಅಳು ನಿಂತಿತು. ತೆಗೆದರು, ಅತ್ತಳು. ಮತ್ತೆ ಹಾಕಿದರು. “ಫಲಿತಾಂಶ ಸ್ಪಷ್ಟ ಉಂಟು” ಎಂದು ಸಂತೋಷಪಟ್ಟರು!

ಮಗುವಿಗೆ ನೀರೆರೆಯುವುದನ್ನು ನೀವು ನೋಡಬೇಕಿತ್ತು. ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಸಣ್ಣ ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಥೇಟ್ ನಮ್ಮ ಅಜ್ಜಿಯರ ಭಂಗಿ. ನೀರು ಹುಯ್ಯಲು ನಮ್ಮವರು. ಎದುರಿಗೆ ಬಕೆಟ್ಟಿಗೆ ಆನಿಸಿ ನಿಲ್ಲಿಸಿದ ಫೋನಿನಲ್ಲಿ ಉಡುಪಿಯಿಂದ ಅಮ್ಮನ ಉಸ್ತುವಾರಿ.

“ಕಿವಿಗೆ ಬಟ್ಟೆ ಕಟ್ಟು ಮಾರಾಯ, ಗಾಳಿ ಒಳಗೆ ಹೋಗ್ತದೆ,” ಎನ್ನುತ್ತಾಳೆ ಅಮ್ಮ.

“ಅಕ್ಕ, ಕಿವಿಯಿಂದ ಗಾಳಿ ಒಳಗೆ ಹೋಗಲಿಕ್ಕೆ ದಾರಿ ಇಲ್ಲ. ನಡುವೆ ತಮಟೆ ಉಂಟು.”

“ನಿನ್ನ ಕಿವಿಯಿಂದ ಒಳಗೆ ಏನೂ ಹೋಗುವುದಿಲ್ಲ ಅಂತ ನನಗೆ ಮೊದಲೇ ಗೊತ್ತುಂಟು,” ಎಂದಳು ಅಮ್ಮ.

ಆದರೂ ಮಾವ ಬಟ್ಟೆ ಕಟ್ಟಿದರು. ಅವರದೊಂದು ನಿಯಮವಿತ್ತು. ಉಪಯೋಗವಿದೆ ಎನ್ನಲು ಪುರಾವೆ ಇಲ್ಲದಿದ್ದರೂ ತೊಂದರೆಯಿಲ್ಲ, ಅಪಾಯವಿಲ್ಲ ಎಂದು ಖಾತ್ರಿಯಾದರೆ ಅಕ್ಕ ಹೇಳಿದ್ದೇ ಶಾಸನ. ಹಾಗಾಗಿ ದೃಷ್ಟಿ ತೆಗೆದರು, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟರು, ನನಗೆ ಮೆಂತೆ ಗಂಜಿ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಮಾಡಿ ಬಡಿಸಿದರು. ತಕ್ಕಡಿಯಲ್ಲಿ ತೂಗಿ ಬಡಿಸಿದರು ಎನ್ನುವುದನ್ನು ಬಿಟ್ಟರೆ ಯಾವ ತಾಯಿಯ ಬಾಣಂತನಕ್ಕೂ ಕಡಿಮೆ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ಹೀಗೆ ಸುಖವಾಗಿ ಜಗಳಾಡಿಕೊಂಡಿರುವಾಗ ಬಂತು ನೋಡಿ, ಬಜೆ!

ಬಜೆ ನಿಮಗೆ ಗೊತ್ತಿರುತ್ತದೆ. ತೋಡಿನ ಬದಿಯಲ್ಲಿ, ಕೆರೆಯ ಅಂಚಿನಲ್ಲಿ, ನೀರು ನಿಲ್ಲುವ ಕೆಸರಿನಲ್ಲಿ ಕತ್ತಿಯಂಥ ಎಲೆ ಬಿಟ್ಟು ನಿಲ್ಲುವ ಗಿಡ. ಮದ್ದು ಅದರ ಬೇರಿನದು. ಒಣಗಿಸಿ, ಸುಟ್ಟು, ಕಲ್ಲಿನ ಮೇಲೆ ತೇದು, ಎದೆಹಾಲಿನಲ್ಲಿ ಕಲಸಿ ಮಗುವಿನ ನಾಲಿಗೆಗೆ ಹಚ್ಚಿದರೆ ಹೊಟ್ಟೆನೋವು ಬರುವುದಿಲ್ಲ, ಮಾತು ಸ್ಪಷ್ಟವಾಗಿ ಬರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಪಕ್ಕದ ಮನೆಯ ತಮಿಳು ಆಂಟಿ ಅದನ್ನು ವಸಂಬು ಎನ್ನುತ್ತಾರೆ. ಅಮ್ಮ ನನ್ನ ಮೂಲಕ ಅವರಿಗೆ ಹೇಳಿಸಿದ್ದೇ ತಡ, ಅವರು ಇಂಡಿಯನ್ ಅಂಗಡಿಯಿಂದ ಒಂದು ಪೊಟ್ಟಣ ತಂದು ನಮ್ಮ ಗೇಟಿಗೆ ನೇತುಹಾಕಿ, ಬೀದಿಯಾಚೆ ನಿಂತು ಕೂಗಿ ಹೇಳಿದರು: “ಗುಡ್ ಫಾರ್ ಬೇಬಿ ಲಾ! ಮೈ ಮಲಾಯ್ ಫ್ರೆಂಡ್ ಕೀಪ್ ದಿಸ್ ಇನ್ ದಿ ಹೌಸ್, ಗೋಸ್ಟ್ ಆಲ್ಸೊ ರನ್ ಅವೇ!”

“ದೆವ್ವಗಳ ಮೇಲೆ ಪ್ರಯೋಗ ಮಾಡಲಿಕ್ಕೆ ದೆವ್ವಗಳ ಒಪ್ಪಿಗೆ ತೆಗೆದುಕೊಂಡಿದ್ದಾರಾ ಕೇಳು,” ಎಂದರು ಮಾವ ನನ್ನ ಕಿವಿಯಲ್ಲಿ. ನಾನು ಕೇಳಲಿಲ್ಲ.

ಪೊಟ್ಟಣ ಬಿಡಿಸಿ ಮೂಸಿದವರು ಅದನ್ನು ಎತ್ತರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಸಂಜೆ ಫೋನಿನಲ್ಲಿ ಯುದ್ಧ ಶುರುವಾಯಿತು.

“ಅಕ್ಕ, ಇದರ ಎಣ್ಣೆಯಲ್ಲಿ ಅಸರೋನ್ ಅಂತ ಒಂದು ಉಂಟು. ಇಲಿಗಳಿಗೆ ತುಂಬ ಕಾಲ ತಿನ್ನಿಸಿದಾಗ ಗಡ್ಡೆ ಎದ್ದಿದೆ. ಕೆಲವು ದೇಶಗಳಲ್ಲಿ ತಿನ್ನುವ ಪದಾರ್ಥಕ್ಕೆ ಇದನ್ನು ಹಾಕಲಿಕ್ಕೇ ಬಿಡುವುದಿಲ್ಲ. ಒಂದೊಂದು ಜಾತಿಯ ಬಜೆಯಲ್ಲಿ ಅದು ಒಂದೊಂದು ಪ್ರಮಾಣ, ನಮ್ಮ ಕಡೆಯದರಲ್ಲಿ ಜಾಸ್ತಿಯೇ.”

“ನನ್ನ ಮೊಮ್ಮಗಳು ಇಲಿಯಾ?”

“ಅಲ್ಲ. ಅದೇ ಕಷ್ಟ. ಒಳ್ಳೆಯ ಗುಣವೂ ಕಂಡಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೂ ಕಂಡದ್ದು ಇಲಿಯಲ್ಲಿ, ಗಾಜಿನ ತಟ್ಟೆಯಲ್ಲಿ. ಹಸುಗೂಸಿಗೆ ಎಷ್ಟು ಕೊಟ್ಟರೆ ಅಪಾಯ ಇಲ್ಲ ಅಂತ ಯಾರೂ ಸರಿಯಾಗಿ ನೋಡಿಲ್ಲ. ಬಜೆ ನೆಕ್ಕಿ ವಾಂತಿ ಮಾಡಿಕೊಂಡ ಮಕ್ಕಳನ್ನು ಡಾಕ್ಟರುಗಳು ನೋಡಿದ್ದುಂಟು. ಮತ್ತೆ ಕೆಸರಿನ ಗಿಡ ಇದು, ಕೆಸರಿನಲ್ಲಿ ಇದ್ದದ್ದನ್ನೆಲ್ಲ ಹೀರಿಕೊಳ್ತದೆ. ಯಾವ ಚರಂಡಿಯಲ್ಲಿ ಬೆಳೆದದ್ದು ಅಂತ ಪೊಟ್ಟಣದ ಮೇಲೆ ಬರೆದಿಲ್ಲ.”

“ನಮ್ಮ ಮನೆಯಲ್ಲಿ ಎಲ್ಲರಿಗೂ ಕೊಟ್ಟಿದ್ದೇವೆ. ಯಾರಿಗೆ ಎಂತ ಆಗಿದೆ?”

“ಬದುಕಿ ಉಳಿದವರನ್ನು ಮಾತ್ರ ಕೇಳಿದರೆ ಎಲ್ಲರೂ ಚೆನ್ನಾಗಿದ್ದೇವೆ ಅಂತಲೇ ಹೇಳುವುದು ಅಕ್ಕ.”

ಈ ಮಾತು ಆಡಬಾರದಿತ್ತು. ಅಮ್ಮನ ಮುಖ ಫೋನಿನಲ್ಲಿ ನೋಡನೋಡುತ್ತಿದ್ದಂತೆ ಬಿಗಿಯಿತು. “ಸರಿ. ನಾನು ಅಲ್ಲಿಗೆ ಬರುವ ಹಾಗಿಲ್ಲ. ಮಗುವನ್ನು ಮುಟ್ಟುವ ಹಾಗಿಲ್ಲ. ಇದೊಂದಾದರೂ ನನ್ನ ಲೆಕ್ಕದಲ್ಲಿ ಆಗಲಿ ಅಂದರೆ ಅದಕ್ಕೂ ನಿನ್ನ ಇಲಿ ಅಡ್ಡ ಬಂತು,” ಎಂದು ಫೋನಿಟ್ಟಳು.

ಅಲ್ಲಿಂದ ಅಕ್ಕ ತಮ್ಮನ ಮಾತು ಬಂದಾಯಿತು. ಅಮ್ಮ ದಿನಾ ಫೋನ್ ಮಾಡುತ್ತಿದ್ದಳು, ಆದರೆ ನನಗೆ. “ಮಗು ಹಾಲು ಕುಡಿಯಿತಾ ಅಂತ ನಿನ್ನ ಮಾವನ ಹತ್ತಿರ ಕೇಳು.” ಮಾವ ಪಕ್ಕದಲ್ಲೇ ಕೂತು, “ಕುಡಿಯಿತು ಅಂತ ನಿನ್ನ ಅಮ್ಮನಿಗೆ ಹೇಳು.” ಇಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್. ಬಾಣಂತಿಗೆ ಕೊಡುವ ಕೆಲಸವೇ ಇದು? ಮಾವ ಮೇಲಕ್ಕೆ ಗಟ್ಟಿಯಾಗಿದ್ದರೂ ಒಳಗೆ ಕರಗಿಹೋಗಿದ್ದರು. ಸಾರಿಗೆ ಉಪ್ಪು ಮರೆತರು. ತೂಗುವುದನ್ನೂ ಮರೆತರು! ನನಗೆ ನಿಜವಾಗಿ ಗಾಬರಿಯಾದದ್ದು ಆಗಲೇ.

ಒಂದು ದಿನ ಮಧ್ಯಾಹ್ನ ಕಪಾಟಿನ ಬಾಗಿಲ ಸದ್ದು ಕೇಳಿಸಿತು. ಆಮೇಲೆ ಬಚ್ಚಲುಮನೆಯಿಂದ ಮಾವನ ಸದ್ದು. ಅದನ್ನು ವರ್ಣಿಸುವುದು ಬೇಡ. ನಮ್ಮವರು ಬಾಗಿಲು ಬಡಿದು, “ಮಾವ, ಏನಾಯ್ತು? ಕೋವಿಡ್ಡಾ?” ಎಂದರೆ ಒಳಗಿನಿಂದ ಕ್ಷೀಣ ದನಿ ಬಂತು: “ಅಲ್ಲ. ಬಜೆ.”

ಅಕ್ಕನ ಮಾತಿನಲ್ಲಿ ಹುರುಳಿದ್ದರೂ ಇರಬಹುದು, ತನ್ನ ಮೇಲೇ ನೋಡೋಣ ಎಂದು, ಮಗುವಿನ ತೂಕಕ್ಕೂ ತನ್ನ ತೂಕಕ್ಕೂ ತಾಳೆ ಹಾಕಿ, ಅದಕ್ಕೆ ತಕ್ಕಷ್ಟು ಬಜೆ ತೇದು ನೆಕ್ಕಿದ್ದರು ಮಹಾನುಭಾವರು! ತೂಕದ ಲೆಕ್ಕವೇನೋ ಸರಿ. ಮೂಲದಲ್ಲಿ ಮಗುವಿಗೆ ಎಷ್ಟು ಎನ್ನುವುದನ್ನು ಮಾತ್ರ ಅಂದಾಜಿನಲ್ಲಿ ಹಿಡಿದಿದ್ದರು. ಪುರಾವೆ, ಪುರಾವೆ ಎಂದು ಲೋಕವನ್ನೆಲ್ಲ ಗೋಳು ಹೊಯ್ದುಕೊಂಡವರು ಅಂದಾಜಿನಲ್ಲಿ ಕೆಟ್ಟರು.

ಸುದ್ದಿ ಮುಟ್ಟಿಸಿದಾಗ ಅಮ್ಮ ಗಾಬರಿಯಾದಳು, ಬೈದಳು, ಆಮೇಲೆ ನಕ್ಕಳು. “ಬೆರಳಷ್ಟು ತಿನ್ನು ಅಂತ ಅವನಿಗೆ ಯಾರು ಹೇಳಿದ್ದು? ಕಲ್ಲಿನ ಮೇಲೆ ಎರಡು ಸುತ್ತು, ಅಷ್ಟೇ. ಅಳತೆ ಕೇಳಬೇಕಿತ್ತಾ ಇಲ್ಲವಾ ಅಂತ ಕೇಳು ಅವನನ್ನು.”

ಸೋಫಾದಲ್ಲಿ ಬಾಡಿ ಮಲಗಿದ್ದ ಮಾವ ದಿಗ್ಗನೆ ಎದ್ದು ಕೂತರು. “ಸುತ್ತಾ? ಅಳತೆ ಸುತ್ತಿನಲ್ಲಿ ಉಂಟಾ?” ಬಾಡಿದ್ದವರು ಎಲ್ಲಿ ಹೋದರೋ! “ಯಾವ ಕಲ್ಲು? ಒರಟಾ, ನಯವಾ? ಎಷ್ಟು ಒತ್ತಬೇಕು? ಒಬ್ಬರ ಕೈಯ ಎರಡು ಸುತ್ತು ಇನ್ನೊಬ್ಬರ ಕೈಯಲ್ಲಿ ಎಷ್ಟಾಗ್ತದೆ? ತೋರಿಸಲಿಕ್ಕೆ ಹೇಳು, ಈಗಲೇ ಹೇಳು.” ಅಡುಗೆ ತಕ್ಕಡಿ ಬಂತು, ಎರಡು ಮೂರು ಕಲ್ಲು ಬಂದವು, ನಮ್ಮವರನ್ನೂ ಕೂರಿಸಿ ತೇಯಿಸಿದ್ದಾಯಿತು. ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ, ಅಷ್ಟು ಕಡಿಮೆ. ಆದರೆ ನಮ್ಮವರ ಎರಡು ಸುತ್ತಿನ ಗಂಧ ಕಣ್ಣಿಗೆ ಕಾಣುವಷ್ಟು ದಪ್ಪ, ಮಾವನದು ನೀರುನೀರು. “ನೋಡು, ಇದನ್ನೇ ನಾನು ಹೇಳಿದ್ದು. ಇದು ಡೋಸ್ ಅಲ್ಲ, ಇದು ಅದೃಷ್ಟ,” ಎಂದು ಮಾವ ಕುಣಿಯುವುದೊಂದು ಬಾಕಿ.

ಅಮ್ಮ ಒಳಗಿನಿಂದ ತನ್ನ ತೇಯುವ ಕಲ್ಲು ತಂದಳು. ಫೋನನ್ನು ಯಾವುದಕ್ಕೋ ಆನಿಸಿಟ್ಟು, “ಅವನಿಗೆ ಹೇಳು, ಸರಿಯಾಗಿ ನೋಡಲಿ” ಎಂದು ಬಜೆ ತೇಯತೊಡಗಿದಳು. ಇಲ್ಲಿ ನನ್ನ ಮಗಳು ಆಗಷ್ಟೇ ಎದ್ದು ರಂಪ ಮಾಡುತ್ತಿದ್ದಳು. ಅಮ್ಮ ತೇಯುತ್ತಲೇ ಅವಳೊಡನೆ ಮಾತು ತೆಗೆದಳು. “ಎಂತ ಪುಟ್ಟೀ, ಎಂತ ಸಿಟ್ಟು ನಿನಗೆ? ಆ ಮೀಸೆಯವನು ಬೈದನಾ? ನಾನು ಬರ್ತೇನೆ, ಅವನಿಗೆ ಎರಡು ಕೊಡ್ತೇನೆ.” ಮಗು ಅಳು ನಿಲ್ಲಿಸಿತು. ಫೋನಿನ ಕಡೆ ಕಣ್ಣರಳಿಸಿ, “ಊಂ” ಎಂದಿತು. ಊಂ! ಅದುವರೆಗೆ ಅಳು ಬಿಟ್ಟರೆ ಬೇರೆ ಸದ್ದೇ ಮಾಡದ ಮಗು!

ಮಾವ ಮುಂದಕ್ಕೆ ಬಾಗಿದರು. ಉತ್ಸಾಹದಲ್ಲಿ ಜಗಳವೇ ಮರೆತುಹೋಗಿತ್ತು. “ಅಕ್ಕ, ತೇಯುವುದು ನಿಲ್ಲಿಸು. ಮಾತು ನಿಲ್ಲಿಸಬೇಡ.” ಅಮ್ಮ ಕೈ ನಿಲ್ಲಿಸಿ ಮಾತಾಡಿದಳು. ಮಗು ಮತ್ತೆ ಊಂ ಎಂದಿತು. “ಈಗ ಮಾತು ನಿಲ್ಲಿಸು, ಬರೀ ತೇಯಿ.” ಅಮ್ಮ ಸುಮ್ಮನೆ ತೇದಳು. ಮಗು ತುಟಿ ಉಬ್ಬಿಸಿ ಅಳಲು ಸಿದ್ಧವಾಯಿತು. ಮಾವ ತೊಡೆ ತಟ್ಟಿಕೊಂಡರು. “ಕೆಲಸ ಮಾಡ್ತಾ ಇರುವುದು ಬಜೆ ಅಲ್ಲ, ನೀನು. ಬಜೆ ಉಡುಪಿಯಲ್ಲೇ ಇರಲಿ. ದಿನಾ ಬೆಳಿಗ್ಗೆ ನೀನು ಮಗುವಿನ ಹತ್ತಿರ ಮಾತಾಡು. ಅಷ್ಟು ಸಾಕು.”

ಅಮ್ಮ ನಗಲಿಲ್ಲ. ಕೈಯಲ್ಲಿದ್ದ ಬಜೆಯನ್ನು ಕಲ್ಲಿನ ಮೇಲಿಟ್ಟು, ಅಷ್ಟು ದಿನಗಳ ಮೇಲೆ ಮೊದಲ ಸಲ ನೇರ ತಮ್ಮನ ಮುಖ ನೋಡಿದಳು.

“ಅಳು ನಿಂತರೆ ಸಾಕಾ? ಮಾತು ಬರಬೇಡವಾ? ನಿನ್ನ ಹಾಗೆ ಆದರೆ ಎಂತ ಮಾಡುವುದು?”

ನನಗೆ ಅರ್ಥವಾಗಲಿಲ್ಲ. ಮಾತಿಗೆ ನಿಂತರೆ ಇಡೀ ಕ್ಲಾಸನ್ನು ಕಟ್ಟಿಹಾಕುವ ನಮ್ಮ ಮಾವನ ಹಾಗೆ ಆದರೆ ಮಗುವಿಗೆ ಕಷ್ಟವೇನು? ನಾನೇ ಕೇಳಿದೆ. ಅಮ್ಮ ಹೇಳಿದಳು. ಮಾವ ಚಿಕ್ಕವರಿದ್ದಾಗ ವಿಪರೀತ ತೊದಲುತ್ತಿದ್ದರಂತೆ. ಶಾಲೆಯಲ್ಲಿ ಹೆಸರು ಕೂಗಿದಾಗ ಹಾಜರ್ ಎಂದು ಹೇಳಲಾಗದೆ ಗೈರುಹಾಜರಿ ಹಾಕಿಸಿಕೊಂಡು ಬರುತ್ತಿದ್ದರಂತೆ. ಹೈಸ್ಕೂಲಿಗೆ ಹೋಗುತ್ತಿದ್ದ ಅಮ್ಮ ದಿನಾ ಬೆಳಿಗ್ಗೆ ಜೇನಿನಲ್ಲಿ ಬಜೆ ತೇದು ತಮ್ಮನ ನಾಲಿಗೆಗೆ ಹಚ್ಚಿದಳಂತೆ, ವರ್ಷಗಟ್ಟಲೆ. “ಬಜೆಯಿಂದಲೇ ಇವನಿಗೆ ಮಾತು ಬಂದದ್ದು. ಈಗ ಅದೇ ಬಾಯಿಯಲ್ಲಿ ಬಜೆ ಬೇಡ ಅಂತಾನೆ,” ಎಂದಳು. ಅವಳ ಕಣ್ಣು ತುಂಬಿತ್ತು.

ಮಾವ ಮಗುವಿನ ಕಾಲು ಸವರಿದರು.

“ಅಕ್ಕ, ಬಜೆ ಹಚ್ಚಿದ ಮೇಲೆ ನೀನು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಎಂತಾದರೂ ಹೇಳು ಅಂತಿದ್ದೆ, ನೆನಪುಂಟಾ?”

“ಉಂಟು.”

“ಮನೆಯಲ್ಲಿ ಬೇರೆ ಎಲ್ಲರೂ ನನ್ನ ಮಾತನ್ನು ಅವರೇ ಮುಗಿಸ್ತಿದ್ದರು. ಒಂದು ದಿನ ನಾನು, ಅಕ್ಕ ಬಸ್ಸು ಬಂತು, ಅಂತ ಹೇಳಲಿಕ್ಕೆ ಹೊರಟೆ. ಹೇಳಿ ಮುಗಿಸುವಾಗ ಬಸ್ಸು ಹೋಗಿಯಾಗಿತ್ತು. ಬಸ್ಸು ನಿನಗೂ ಕಾಣ್ತಾ ಇತ್ತು. ಆದರೂ ನಾನು ಹೇಳಿ ಮುಗಿಸುವವರೆಗೆ ನೀನು ಎದುರಿಗೇ ನಿಂತಿದ್ದೆ.”

ಅಮ್ಮ ಕಲ್ಲನ್ನು ಪಕ್ಕಕ್ಕೆ ಸರಿಸಿದಳು.

“ಅವತ್ತು ನಿನಗೆ ಪರೀಕ್ಷೆ ಇತ್ತು. ನೀನು ನಡೆದುಕೊಂಡು ಹೋದೆ,” ಎಂದರು ಮಾವ. “ನೀನು ನನಗೆ ಎರಡು ಮದ್ದು ಒಟ್ಟಿಗೆ ಕೊಟ್ಟಿದ್ದೀ ಅಕ್ಕ. ಯಾವುದರಿಂದ ಗುಣ ಆಯಿತು ಅಂತ ನನಗೂ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಒಂದು ಮದ್ದಿನಿಂದ ಅಪಾಯ ಇಲ್ಲ ಅಂತ ನನಗೆ ಖಂಡಿತ ಗೊತ್ತುಂಟು. ಈ ಮಗುವಿಗೆ ಅದನ್ನು ಮಾತ್ರ ಕೊಡುವ. ನೀನು ಬೇ... ಬೇ...”

ಮಾವನ ಮಾತು ಅಲ್ಲಿಗೆ ಸಿಕ್ಕಿಕೊಂಡಿತು. ತುಟಿ ಅಲುಗುತ್ತಿತ್ತು, ಕುತ್ತಿಗೆಯ ನರ ಬಿಗಿದಿತ್ತು, ಅಕ್ಷರ ಹೊರಡುತ್ತಿರಲಿಲ್ಲ. ನನಗೆ ನೋಡಲಾಗಲಿಲ್ಲ. ಆ ಮಾತು ಯಾವುದೆಂದು ಗೊತ್ತಾಗಿ, ಮುಗಿಸಿಬಿಡೋಣ ಎಂದು ಬಾಯಿ ತೆರೆದೆ. ಫೋನಿನಲ್ಲಿ ಅಮ್ಮ ಅಂಗೈ ಎತ್ತಿ ನನ್ನನ್ನು ತಡೆದಳು.

ನಾವೆಲ್ಲ ಕಾದೆವು. ಅಮ್ಮ ಆತುರ ಮಾಡಲಿಲ್ಲ, ಕಣ್ಣನ್ನು ತಮ್ಮನ ಮುಖದಿಂದ ಆಚೆ ತೆಗೆಯಲಿಲ್ಲ.

“ಬೇಗ ಬಾ ಅಕ್ಕ,” ಎಂದರು ಮಾವ.

“ವಿಮಾನ ಬಿಡಲಿ, ಬರ್ತೇನೆ,” ಎಂದಳು ಅಮ್ಮ. “ಬಜೆ ತರುವುದಿಲ್ಲ.”